ಕುಜನ ಕಲ್ಲು, ಕಡಲ ಕಲ್ಲು

ಗ್ರಹಗಳ ಭೂವಿಜ್ಞಾನವನ್ನು ಕುರಿತು ಮಾತನಾಡಬೇಕೆಂದು ಆಕಾಶವಾಣಿಯ ಮಿತ್ರರು ಕೇಳಿದಾಗ, ‘ನೀವು ಮನೆ ತಪ್ಪಿ ಬಂದಿರಬೇಕು’ ಎಂದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಪಂಪ, ಕುಮಾರವ್ಯಾಸರನ್ನು ಪಾಠ ಹೇಳಿಕೊಂಡು ಬಂದವನು ನಾನು. ಕಲ್ಲಿನೊಡನೆ ನನಗೇನಾದರೂ ಪರಿಚಯವಿದ್ದರೆ ಅದು ಶಾಸನದ ಕಲ್ಲಿನೊಡನೆ. ಅಲ್ಲಿಯೂ ಕಲ್ಲನ್ನು ಬಿಟ್ಟು ಅಕ್ಷರವನ್ನಷ್ಟೇ ನೋಡಿದವನು. ಅವರು ನಕ್ಕು, ‘ನಿಮ್ಮ ಕಾಪುವಿನಿಂದ ಅದಮಾರು ಎಷ್ಟು ದೂರ?’ ಎಂದು ಕೇಳಿದರು. ಕೆಲವೇ ಮೈಲಿ ಎಂದೆ. ‘ಮಲ್ಪೆಯ ದ್ವೀಪ?’ ಎಂದರು. ಅದೂ ದೂರವಲ್ಲ, ಆಮೇಲಿನದು ದೋಣಿಯ ದಾರಿ ಎಂದೆ. ‘ಹಾಗಾದರೆ ನೀವೇ ಹೇಳಬೇಕು’ ಎಂದು ಮಾತು ಮುಗಿಸಿಬಿಟ್ಟರು. ಈ ಎರಡು ಸ್ಥಳಗಳ ಹೆಸರು ಕೇಳಿದ ಮೇಲೆ ನನಗೆ ಹಳೆಯ ಸಾಲವೊಂದು ನೆನಪಾಯಿತು. ಬಹಳ ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಕೊಡದೆ ಉಳಿಸಿಕೊಂಡ ಸಾಲ ಅದು. ಅದರ ಮಾತು ಮುಂದೆ ಬರುತ್ತದೆ. ಈ ಭಾಷಣಕ್ಕೆ ನಾನು ಒಪ್ಪಿಕೊಂಡದ್ದಕ್ಕೆ ಕಾರಣವೂ ಅದೇ.

ಮೊದಲು ಪದದ ವ್ಯಾಜ್ಯವನ್ನು ತೀರಿಸಿಕೊಳ್ಳೋಣ. ಕನ್ನಡ ಮಾಷ್ಟ್ರ ಚಾಳಿಯೆಂದು ಶ್ರೋತೃಗಳು ಕ್ಷಮಿಸಬೇಕು. ಭೂವಿಜ್ಞಾನವೆಂದರೆ ಭೂಮಿಯ ವಿಜ್ಞಾನ. ಹಾಗಿರುವಾಗ ಚಂದ್ರನ ಭೂವಿಜ್ಞಾನ, ಕುಜನ ಭೂವಿಜ್ಞಾನ ಎಂದರೇನು? ಇಂಗ್ಲಿಷಿನವರಿಗೂ ಈ ತೊಡಕು ಇದೆ. ಅವರ ‘ಜಿಯಾಲಜಿ’ಯ ಮೊದಲ ಅಕ್ಷರವೂ ಗ್ರೀಕರ ಭೂದೇವಿಯೇ. ಆದರೆ ಭಾಷೆ ಇಂಥ ತೊಡಕನ್ನು ಹೆಚ್ಚು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಎಣ್ಣೆಯೆಂದರೆ ಎಳ್ಳಿನ ನೆಯ್. ಆದರೂ ನಾವು ತೆಂಗಿನೆಣ್ಣೆ ಎನ್ನುತ್ತೇವೆ, ಯಾವ ಅಡುಗೆಮನೆಯಲ್ಲಿಯೂ ಅದಕ್ಕೆ ಆಕ್ಷೇಪ ಬಂದದ್ದಿಲ್ಲ. ಹಾಗೆಯೇ ‘ಭೂ’ ಎಂಬುದೂ ಬೇರೆ ನೆಲಗಳಿಗೆ ಹರಡಿಕೊಂಡಿದೆ. ಕುಜನ ವಿಷಯದಲ್ಲಂತೂ ನಮ್ಮ ಪೂರ್ವಿಕರು ಈ ಅನುಮತಿಯನ್ನು ಮೊದಲೇ ಕೊಟ್ಟುಬಿಟ್ಟಿದ್ದಾರೆ. ‘ಕು’ ಎಂದರೆ ಭೂಮಿ, ಅವಳಲ್ಲಿ ಹುಟ್ಟಿದವನು ಕುಜ. ಭೌಮ, ಮಹೀಸುತ, ಧರಾಪುತ್ರ ಎಂಬ ಹೆಸರುಗಳೂ ಅದನ್ನೇ ಹೇಳುತ್ತವೆ. ಬರಿಗಣ್ಣಿಗೆ ಕೆಂಪು ಚುಕ್ಕೆಯಾಗಿ ತೋರುವ ಒಂದು ಗ್ರಹವನ್ನು ಭೂಮಿಯ ಮಗನೆಂದು ಯಾಕೆ ಕರೆದರೋ ನನಗೆ ಹೊಳೆಯದು. ಕೆಮ್ಮಣ್ಣನ್ನು ಕಂಡ ಜನರ ಊಹೆ ಇದ್ದೀತು. ಉಳಿದೆರಡು ಹೆಸರುಗಳಲ್ಲಿ ಬಣ್ಣ ನೇರವಾಗಿಯೇ ಇದೆ: ಲೋಹಿತಾಂಗನೆಂದರೆ ಕೆಂಪು ಮೈಯವನು, ಅಂಗಾರಕನೆಂದರೆ ಕೆಂಡ. ನಮ್ಮ ತುಳುವಿನಲ್ಲಿ ಮಂಗಳವಾರ ಇಂದಿಗೂ ‘ಅಂಗಾರೆ’. ಕಾಪುವಿನ ಸುಗ್ಗಿ ಮಾರಿಪೂಜೆ ತೊಡಗುವುದು ಆ ಅಂಗಾರೆಯಂದೇ. ಹೀಗಾಗಿ ನಮ್ಮೂರಿನ ಮಕ್ಕಳ ಬಾಯಿಗೆ ಈ ಗ್ರಹದ ಹೆಸರು ಗ್ರಹವೆಂದು ತಿಳಿಯುವ ಮೊದಲೇ ಬಂದಿರುತ್ತದೆ.

ಭೂಮಿಯ ಮಗನು ತಾಯಿಯ ಮಡಿಲಿಗೆ ಒಂದು ಕಲ್ಲನ್ನು ಎಸೆದ ಕಥೆಯಿಂದ ಚರಿತ್ರೆಯನ್ನು ಆರಂಭಿಸಬಹುದು. ೧೮೬೫ರ ಆಗಸ್ಟ್ ೨೫ರಂದು ಬಿಹಾರದ ಗಯಾ ಸೀಮೆಯ ಶೇರ್‌ಘಾಟಿಯಲ್ಲಿ ಆಕಾಶದಿಂದ ಸುಮಾರು ೫ ಕಿಲೋ ತೂಕದ ಕಲ್ಲೊಂದು ಬಿತ್ತು. ಆಡಳಿತದವರು ಅದನ್ನು ಸಂಗ್ರಹಿಸಿದರು. ೧೮೭೨ರಲ್ಲಿ ವಿಯೆನ್ನಾದ ಖನಿಜತಜ್ಞ ಚೆರ್ಮಾಕ್ ಅದನ್ನು ವಿವರವಾಗಿ ಪರೀಕ್ಷಿಸಿ ಅದರಲ್ಲಿ ಗಾಜಿನಂಥ ಒಂದು ಹೊಸ ಪದಾರ್ಥವನ್ನು ಗುರುತಿಸಿದ. ಆಮೇಲೆ ನೂರು ವರ್ಷ ಅದು ಒಂದು ಒಗಟಾಗಿಯೇ ಉಳಿಯಿತು. ಒಗಟು ಇಷ್ಟೇ: ಬಹುಪಾಲು ಉಲ್ಕಾಶಿಲೆಗಳ ವಯಸ್ಸು ೪೫೦ ಕೋಟಿ ವರ್ಷಗಳಿಗೂ ಮಿಕ್ಕಿದ್ದು, ಸೂರ್ಯಮಂಡಲದಷ್ಟೇ ಹಳೆಯದು, ಈ ಕಲ್ಲು ಮಾತ್ರ ಅವುಗಳ ಮುಂದೆ ಮೊಮ್ಮಗುವಿನಂತೆ ಎಳೆಯದು, ಅದೂ ಲಾವಾರಸ ತಣಿದು ಆದದ್ದು. ಅಷ್ಟು ಈಚಿನ ಕಾಲದವರೆಗೆ ಒಡಲಲ್ಲಿ ಬೆಂಕಿಯನ್ನು ಉಳಿಸಿಕೊಂಡಿರಲು ಸಣ್ಣ ಪುಟ್ಟ ಕ್ಷುದ್ರಗ್ರಹಕ್ಕೆ ಸಾಧ್ಯವಿಲ್ಲ. ಅದಕ್ಕೊಂದು ಗ್ರಹವೇ ಬೇಕು. ಯಾವ ಗ್ರಹ? ೧೯೭೬ರಲ್ಲಿ ವೈಕಿಂಗ್ ನೌಕೆಗಳು ಕುಜನ ಮೇಲಿಳಿದು ಅಲ್ಲಿನ ಗಾಳಿಯ ಬೆರಕೆಯನ್ನು ಅಳೆದಿದ್ದವು. ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿದ, ಶೇರ್‌ಘಾಟಿಯ ಜಾತಿಯದೇ ಆದ ಇನ್ನೊಂದು ಕಲ್ಲಿನ ಗಾಜಿನೊಳಗೆ ಸೆರೆಸಿಕ್ಕಿದ್ದ ಅನಿಲಗಳು ಆ ಬೆರಕೆಗೆ ಹೊಂದುತ್ತವೆಂದು ೧೯೮೩ರಲ್ಲಿ ಪ್ರಕಟವಾಯಿತು. ಕುಜನ ಗಾಳಿ ಕಲ್ಲಿನೊಳಗೆ ಕುಳಿತು ಭೂಮಿಗೆ ಬಂದಿತ್ತು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಅಂಥ ಕಲ್ಲು ಸಿಕ್ಕಿದರೂ ಅದರ ಜಾತಿಯ ಹೆಸರು ‘ಶೇರ್ಗೊಟೈಟ್’. ಒಂದು ಬಿಹಾರಿ ಊರಿನ ಹೆಸರು, ಇಂಗ್ಲಿಷರ ಕಾಗುಣಿತದಲ್ಲಿ, ಕುಜನ ಕಲ್ಲಿಗೆ ಅಂಟಿಕೊಂಡು ಉಳಿಯಿತು.

ಇದರ ಮರುವರ್ಷ, ೧೮೬೬ರ ಏಪ್ರಿಲ್ ತಿಂಗಳಿನಲ್ಲಿ, ನಮ್ಮ ಉಡುಪಿಯ ಹತ್ತಿರವೂ ಒಂದು ಕಲ್ಲು ಬಿತ್ತು. ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಅದು ಇಂದಿಗೂ ‘ಉಡಿಪಿ’ ಎಂಬ ಹಳೆಯ ಕಾಗುಣಿತದಲ್ಲಿಯೇ ಇದೆ. ಇದನ್ನು ನಾನು ತಿಳಿದದ್ದು ನಿವೃತ್ತನಾದ ಮೇಲೆ. ಅರುವತ್ತು ವರ್ಷ ಈ ಮಣ್ಣಿನ ಮೇಲೆ ನಡೆದಾಡಿ, ಊರಿನ ಸ್ಥಳಪುರಾಣಗಳ ಮೇಲೆ ಲೇಖನಗಳನ್ನು ಬರೆದು, ಅಷ್ಟಮಠಗಳ ಪರ್ಯಾಯದ ಲೆಕ್ಕವನ್ನು ಬಾಯಿಪಾಠ ಹೇಳಬಲ್ಲ ನನಗೆ ಈ ಒಂದು ಸಂಗತಿ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಹುಡುಕಿದೆ; ನಾನು ಕೇಳಿದ ಹತ್ತಾರು ಮಂದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಉಡುಪಿಯ ಕಲ್ಲು ಕುಜನದಲ್ಲ. ಅದು ‘ಕಾಂಡ್ರೈಟ್’ ಎಂಬ ಸಾಮಾನ್ಯ ವರ್ಗದ್ದು, ಅದರಲ್ಲಿಯೂ ಕಬ್ಬಿಣದ ಅಂಶ ಹೆಚ್ಚಿರುವ ಪಂಗಡದ್ದು. ಸಾಮಾನ್ಯವೆಂದೆ, ಆದರೆ ಇಂಥ ಕಲ್ಲುಗಳೇ ಗ್ರಹಗಳ ಹಿಟ್ಟು. ಸೂರ್ಯನ ಸುತ್ತಣ ಧೂಳು ಮುದ್ದೆಗಟ್ಟಿ ಗ್ರಹಗಳಾಗುವ ಕಾಲದಲ್ಲಿ ಯಾವ ಗ್ರಹಕ್ಕೂ ಸೇರದೆ ಹೊರಗುಳಿದ ಚೂರುಗಳು ಅವು. ಶೇರ್‌ಘಾಟಿಯ ಕಲ್ಲು ಬೆಂದ ರೊಟ್ಟಿಯಾದರೆ ಉಡುಪಿಯದು ಕಣಜದಲ್ಲಿ ಉಳಿದ ಧಾನ್ಯ. ಇವೆರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದೇ ಗ್ರಹಗಳ ಶಿಲಾವಿಜ್ಞಾನದ ಓನಾಮ.

ಕಲ್ಲು ಕೈಗೆ ಬಂದರೂ ಅದು ಎಲ್ಲಿಯದೆಂದು ತಿಳಿಯದ ಆ ಕಾಲದಲ್ಲಿ, ದೂರದರ್ಶಕದವರು ಕುಜನ ಮೇಲೆ ಇಲ್ಲದ್ದನ್ನೆಲ್ಲ ಕಾಣುತ್ತಿದ್ದರು. ೧೮೭೭ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ಅಲ್ಲಿ ಕೆಲವು ಗೆರೆಗಳನ್ನು ಕಂಡು ‘ಕನಾಲಿ’ ಎಂದು ಬರೆದ. ಇಟಾಲಿಯನ್ನಿನಲ್ಲಿ ಆ ಮಾತಿಗೆ ತೋಡು, ತೊರೆಯ ಪಾತ್ರ ಎಂಬ ಅರ್ಥವೂ ಇದೆ, ಕಾಲುವೆ ಎಂಬ ಅರ್ಥವೂ ಇದೆ. ಇಂಗ್ಲಿಷಿಗೆ ಬರುವಾಗ ಅದು ಕಾಲುವೆಯೇ ಆಯಿತು. ತೋಡು ತಾನಾಗಿ ಆಗುತ್ತದೆ; ಕಾಲುವೆಯನ್ನು ಯಾರಾದರೂ ತೋಡಬೇಕು. ಅಷ್ಟೇ ಸಾಕಾಯಿತು. ಅಮೆರಿಕದ ಪರ್ಸಿವಲ್ ಲೊವೆಲ್ ಎಂಬ ಸಿರಿವಂತ ಅರಿಜೋನಾದಲ್ಲಿ ವೀಕ್ಷಣಾಲಯವನ್ನೇ ಕಟ್ಟಿಸಿ, ನೀರು ಬತ್ತುತ್ತಿರುವ ಲೋಕವೊಂದರಲ್ಲಿ ಬುದ್ಧಿವಂತ ಜೀವಿಗಳು ಧ್ರುವದ ಹಿಮದಿಂದ ಹೊಲಗಳಿಗೆ ನೀರು ಹರಿಸುತ್ತಿದ್ದಾರೆಂದು ಗ್ರಂಥಗಳನ್ನು ಬರೆದ. ಒಂದು ಪದದ ಭಾಷಾಂತರ ಜಾರಿದ್ದಕ್ಕೆ ಒಂದು ನಾಗರಿಕತೆಯೇ ಹುಟ್ಟಿಕೊಂಡಿತು! ಭಾಷಾಂತರದ ತರಗತಿಯಲ್ಲಿ ನಾನು ಈ ಉದಾಹರಣೆಯನ್ನು ಎಷ್ಟೋ ಸಲ ಬಳಸಿದ್ದೇನೆ. ಅಷ್ಟನ್ನು ಬಿಟ್ಟರೆ ಕುಜನ ವಿಷಯವಾಗಿ ನನಗೆ ಬೇರೇನೂ ಬೇಕಾಗಿರಲಿಲ್ಲ ಎಂಬುದು ನಿಜ.

ಕನ್ನಡದಲ್ಲಿ ಇದನ್ನೆಲ್ಲ ಬರೆದವರು ಇರಲಿಲ್ಲವೆಂದಲ್ಲ. ಕೋಟದ ಶಿವರಾಮ ಕಾರಂತರು ೧೯೩೬ರಲ್ಲಿಯೇ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ತಂದರು, ೧೯೫೯ರಿಂದ ಮೊದಲುಗೊಂಡು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಒಬ್ಬರೇ ಬರೆದರು. ಆ ಸಂಪುಟಗಳಿಗೆ ಅವರು ಕುಳಿತಾಗ ಕುಜನ ಒಂದೇ ಒಂದು ಸಮೀಪದ ಚಿತ್ರವೂ ಮನುಷ್ಯನ ಬಳಿ ಇರಲಿಲ್ಲ. ಅಂಥ ಚಿತ್ರಗಳು ಮೊದಲು ಬಂದದ್ದು ೧೯೬೫ರ ಜುಲೈಯಲ್ಲಿ, ಮ್ಯಾರಿನರ್ ೪ ನೌಕೆಯಿಂದ. ಇಪ್ಪತ್ತೊಂದು ಪೂರ್ಣ ಚಿತ್ರಗಳು. ಕಾಲುವೆಗಳಿಲ್ಲ, ಹೊಲಗಳಿಲ್ಲ; ಚಂದ್ರನ ಮೇಲಿನಂಥ ಕುಳಿಗಳು ಮಾತ್ರ. ಬಹಳ ಮಂದಿಗೆ ನಿರಾಶೆಯಾಯಿತು. ಸತ್ತ ಗ್ರಹವೆಂದು ಕೈತೊಳೆದುಕೊಂಡವರೂ ಇದ್ದರು. ೧೯೭೧ರ ನವೆಂಬರಿನಲ್ಲಿ ಮ್ಯಾರಿನರ್ ೯ ಅಲ್ಲಿಗೆ ಹೋಗಿ ಸುತ್ತತೊಡಗಿದಾಗ ಗ್ರಹಕ್ಕೆ ಗ್ರಹವೇ ಧೂಳಿನ ಬಿರುಗಾಳಿಯಲ್ಲಿ ಮುಚ್ಚಿಹೋಗಿತ್ತು. ಆ ಧೂಳಿನ ಮೇಲೆ ನಾಲ್ಕು ಕಪ್ಪು ಬೊಟ್ಟುಗಳು ಮಾತ್ರ ಕಾಣುತ್ತಿದ್ದವು. ತಿಂಗಳುಗಳ ಮೇಲೆ ಧೂಳು ಇಳಿದಾಗ ಆ ಬೊಟ್ಟುಗಳು ಜ್ವಾಲಾಮುಖಿಗಳ ನೆತ್ತಿಗಳೆಂದು ತಿಳಿಯಿತು. ಅವುಗಳಲ್ಲಿ ಹಿರಿಯದಾದ ಒಲಿಂಪಸ್ ಮಾನ್ಸ್ ಎವರೆಸ್ಟಿನ ಎರಡೂವರೆ ಪಟ್ಟು ಎತ್ತರ, ಬುಡದ ಅಗಲ ಸುಮಾರು ೬೦೦ ಕಿಲೋಮೀಟರು. ಹತ್ತಿರದಲ್ಲೇ ೪೦೦೦ ಕಿಲೋಮೀಟರಿನಷ್ಟು ಉದ್ದದ ಕಮರಿ. ಜೊತೆಗೆ ಒಣಗಿದ ನದಿಗಳ ಪಾತ್ರಗಳು. ಸ್ಕಿಯಾಪರೆಲ್ಲಿಯ ಗೆರೆಗಳು ಕಣ್ಣಿನ ಭ್ರಮೆ. ಆದರೂ ಅವನು ಬಳಸಿದ ಮಾತಿನ ಮೊದಲ ಅರ್ಥ, ತೋಡು ಎಂಬುದು, ಯಾರೂ ನಿರೀಕ್ಷಿಸದ ರೀತಿಯಲ್ಲಿ ನಿಜವಾಗಿತ್ತು.

ಈ ಮ್ಯಾರಿನರ್ ಸಾಲಿನಲ್ಲಿಯೇ ನಮ್ಮ ಅದಮಾರು ಬರುತ್ತದೆ. ಉಡುಪಿ ರಾಮಚಂದ್ರ ರಾಯರು, ಜಗತ್ತು ಬಲ್ಲ ಯು. ಆರ್. ರಾವ್, ೧೯೩೨ರ ಮಾರ್ಚ್ ೧೦ರಂದು ಹುಟ್ಟಿದ್ದು ಅಲ್ಲಿ. ಊರಿನ ಶಾಲೆ, ಆಮೇಲೆ ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲು, ಬಳ್ಳಾರಿ, ಅನಂತಪುರ, ಕಾಶಿ, ಕಡೆಗೆ ಅಹಮದಾಬಾದಿನಲ್ಲಿ ವಿಕ್ರಮ ಸಾರಾಭಾಯಿಯವರ ಕೈಕೆಳಗೆ ಸಂಶೋಧನೆ. ೧೯೬೨ರಲ್ಲಿ ಶುಕ್ರನ ಕಡೆಗೆ ಹೋದ ಮ್ಯಾರಿನರ್ ೨ ಕಳುಹಿಸಿದ ಅಂಕೆಗಳನ್ನು ಅಮೆರಿಕದ ನ್ಯೂಗೆಬಾವರ್ ಮತ್ತು ಸ್ನೈಡರರ ಜೊತೆಯಲ್ಲಿ ಪರಿಶೀಲಿಸಿ, ಸೂರ್ಯನಿಂದ ಕಣಗಳ ಗಾಳಿಯೊಂದು ಎಡೆಬಿಡದೆ ಬೀಸುತ್ತಿದೆಯೆಂದೂ ಅದು ಭೂಮಿಯ ಕಾಂತತ್ವವನ್ನು ಅಲುಗಿಸುತ್ತದೆಂದೂ ತೋರಿಸಿದವರಲ್ಲಿ ಇವರೊಬ್ಬರು. ಮುಂದೆ ಆರ್ಯಭಟ ಉಪಗ್ರಹವನ್ನು ಕಟ್ಟಿಸಿದವರು ಇವರೇ. ೧೯೭೫ರ ಏಪ್ರಿಲ್ ೧೯ರಂದು ಅದು ಮೇಲೇರಿದಾಗ ನಾನು ಹೈಸ್ಕೂಲಿನ ಹುಡುಗ. ಅದು ಹಾರಿದ ಸೋವಿಯತ್ ಊರಿನ ಹೆಸರು ಕಪುಸ್ತಿನ್ ಯಾರ್ ಎಂದು ಪತ್ರಿಕೆಯಲ್ಲಿ ಬಂದಾಗ ನಮ್ಮ ಮಾಷ್ಟ್ರೊಬ್ಬರು, ‘ನೋಡಿ ಮಕ್ಕಳೇ, ಅಲ್ಲಿಯೂ ಒಂದು ಕಾಪು ಉಂಟು’ ಎಂದು ತರಗತಿಯನ್ನು ನಗಿಸಿದ್ದರು. ಕಾಪುವಿನಿಂದ ಅದಮಾರಿಗೆ ಸೈಕಲ್ಲಿನಲ್ಲಿ ಹೋಗಬಹುದಾಗಿತ್ತು. ಆದರೆ ಆ ವಿಜ್ಞಾನಕ್ಕೂ ನಮ್ಮ ಊರಿನ ನೆಲಕ್ಕೂ ಏನಾದರೂ ಸಂಬಂಧವಿದ್ದೀತೆಂದು ನಾವು ಯಾರೂ ಯೋಚಿಸಲಿಲ್ಲ. ರಾಯರ ಕೆಲಸ ಆಕಾಶದ್ದು, ನೆಲ ನಮ್ಮದು ಎಂದೇ ಇದ್ದೆವು.

ಈಗ ಆ ಸಾಲದ ವಿಷಯಕ್ಕೆ ಬರುತ್ತೇನೆ. ಅದು ೧೯೯೪ರ ಸುಮಾರು. ಬಿ.ಎ. ವಿದ್ಯಾರ್ಥಿಗಳನ್ನು ಕರೆದುಕೊಂಡು ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆ. ತೋನ್ಸೆಪಾರ್ ಎಂದು ತುಳುವಿನಲ್ಲಿ ಹೇಳುವ ಹೆಸರು ಇದರದೇ. ದೋಣಿಯಿಂದ ಇಳಿದೊಡನೆ ನಾನು ನನ್ನ ಪಾಠವನ್ನು ತೊಡಗಿದೆ: ೧೪೯೮ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟನೆಂಬ ಐತಿಹ್ಯ, ಪಕ್ಕದ ದರಿಯಾಬಹಾದ್ದೂರ್‌ಗಡದಲ್ಲಿ ಬಿದನೂರಿನ ನಾಯಕರ ಕೋಟೆ, ಹೀಗೆ. ಹುಡುಗರು ಕೇಳುತ್ತಿದ್ದರು. ಕಾರ್ಕಳದ ಕಡೆಯ ಒಬ್ಬ ಮಾತ್ರ ಹಿಂದೆ ಉಳಿದುಬಿಟ್ಟಿದ್ದ. ಅವನ ತಂದೆ ಕಲ್ಲಿನ ಕೆಲಸದವರು. ಹೋಗಿ ನೋಡಿದರೆ, ಅಲ್ಲಿ ಒತ್ತೊತ್ತಾಗಿ ನಿಂತಿರುವ ಆರು ಮೂಲೆಯ ಕಂಬಗಳ ಮುಂದೆ ಕುಳಿತು, ಬಿದ್ದಿದ್ದ ಒಂದು ಚೂರಿನಿಂದ ಇನ್ನೊಂದನ್ನು ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ. ‘ಸರ್, ಇದನ್ನು ಯಾರು ಕೆತ್ತಿದ್ದು? ನಮ್ಮಪ್ಪನ ಉಳಿ ಇದಕ್ಕೆ ಹಿಡಿಯಲಿಕ್ಕಿಲ್ಲ’ ಎಂದ. ‘ನಿಸರ್ಗವೇ ದೊಡ್ಡ ಶಿಲ್ಪಿಯಲ್ಲವೋ ಮಾರಾಯ’ ಎಂದುಬಿಟ್ಟೆ. ಸಾಹಿತ್ಯದ ಮಾಷ್ಟ್ರಿಗೆ ಗೊತ್ತಿಲ್ಲದಾಗ ಒದಗುವ ಉತ್ತರವದು. ಅವನು ತಲೆಯಾಡಿಸಿ ಎದ್ದು ಬಂದ. ಮರ್ಯಾದೆಗಾಗಿ ಎದ್ದು ಬಂದದ್ದೇ ಹೊರತು ಉತ್ತರ ಸಿಕ್ಕಿತೆಂದಲ್ಲ. ಅದು ಅವನ ಮುಖದಲ್ಲಿ ಕಾಣುತ್ತಿತ್ತು.

ಕಾರ್ಕಳದವನು ಹಾಗೆ ಕೇಳಿದ್ದು ಆಶ್ಚರ್ಯವಲ್ಲ. ಅವನ ಊರಿನ ಗೊಮ್ಮಟನನ್ನು ೧೪೩೨ರಲ್ಲಿ ನಿಲ್ಲಿಸಿದ ಶಿಲ್ಪಿಗಳಿಗೆ ಸುಮಾರು ೪೨ ಅಡಿಯ ಒಂದೇ ಕಲ್ಲು ಬೇಕಾಗಿತ್ತು, ಎಲ್ಲಿಯೂ ಬಿರುಕಿರಬಾರದಾಗಿತ್ತು. ನಮ್ಮ ದಕ್ಷಿಣ ದೇಶದ ತಳಪಾಯವಾದ ಪ್ರಾಚೀನ ಶಿಲೆ, ಸುಮಾರು ೩೦೦ ಕೋಟಿ ವರ್ಷದ್ದು, ನೆಲದಾಳದಲ್ಲಿ ಬೆಂದು ಬೇಯದೆ ನಿಧಾನವಾಗಿ ಗಟ್ಟಿಯಾದದ್ದು. ಅದರಲ್ಲಿ ಅಂಥ ಅಖಂಡತೆ ಸಾಧ್ಯ. ದ್ವೀಪದ ಕಲ್ಲಿನ ಕಥೆಯೇ ಬೇರೆ. ಅದು ಹುಟ್ಟಿದ್ದು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ. ಆಗ ನಮ್ಮ ಈ ಕರಾವಳಿಯ ಮಗ್ಗುಲಲ್ಲಿ ಅರಬ್ಬೀ ಸಮುದ್ರವಿರಲಿಲ್ಲ, ಮಡಗಾಸ್ಕರ್ ಇತ್ತು. ಎರಡು ನೆಲಗಳು ಹರಿದು ಬೇರೆಯಾಗುವ ಕಾಲದಲ್ಲಿ ಆ ಸೀಳಿನಲ್ಲಿ ಉಕ್ಕಿದ ಲಾವಾರಸದ ಒಂದು ತುಣುಕು ಇಲ್ಲಿ ಉಳಿಯಿತು, ಹೆಚ್ಚಿನ ಪಾಲು ಮಡಗಾಸ್ಕರಿನಲ್ಲಿದೆ ಎಂದು ವಿದ್ವಾಂಸರ ಅಭಿಪ್ರಾಯ. ಮಲ್ಪೆಯ ಕಲ್ಲಿಗೆ ಒಡಹುಟ್ಟಿದ ಕಲ್ಲು ಸಾವಿರಾರು ಮೈಲಿ ಆಚೆ ಆಫ್ರಿಕದ ಮಗ್ಗುಲಲ್ಲಿ ಇದೆಯೆಂದರೆ ಗಾಮನ ಪಯಣ ಅದರ ಮುಂದೆ ಏನು? ಪ್ರವಾಸಿಗಳ ಬಾಯಲ್ಲಿ ಈ ಕಲ್ಲು ಬಸಾಲ್ಟ್ ಎಂದೇ ಪ್ರಸಿದ್ಧ. ಆದರೆ ಶಿಲಾರಸಾಯನದವರು ಪರೀಕ್ಷಿಸಿ, ಇದು ಸಿಲಿಕ ಹೆಚ್ಚಿರುವ ಬೇರೆ ಜಾತಿಯ ಲಾವಾ ಎಂದಿದ್ದಾರೆ.

ಇನ್ನು ಕಂಬಗಳು. ದಪ್ಪನೆಯ ಲಾವಾರಸ ಒಂದೆಡೆ ನಿಂತು ಆರತೊಡಗಿದಾಗ ಮೊದಲು ಆರುವುದು ಮೇಲ್ಮೈ ಮತ್ತು ತಳ. ಆರಿದ್ದು ಕುಗ್ಗುತ್ತದೆ, ಕುಗ್ಗಿದ್ದು ಬಿರಿಯುತ್ತದೆ. ಬಿರುಕುಗಳು ಒಂದನ್ನೊಂದು ಸಂಧಿಸುವಲ್ಲಿ, ಎಳೆತ ಎಲ್ಲ ಕಡೆಗೂ ಸಮನಾಗಿದ್ದರೆ, ಮೂರು ಗೆರೆಗಳು ಸಮಕೋನದಲ್ಲಿ ಅಗಲುತ್ತವೆ. ಅಂಥ ಸಂಧಿಗಳನ್ನು ಜೋಡಿಸುತ್ತ ಹೋದರೆ ಜೇನುಗೂಡಿನ ಆರು ಮೂಲೆ ತಾನಾಗಿ ಮೂಡುತ್ತದೆ. ಎಳೆತದಲ್ಲಿ ಹೆಚ್ಚುಕಡಿಮೆಯಾದಲ್ಲಿ ಐದು, ಏಳು ಮೂಲೆಗಳೂ ಉಂಟು. ಕಾವು ಕೆಳಗಿಳಿದಂತೆಲ್ಲ ಬಿರುಕೂ ಅದರ ಹಿಂದೆಯೇ ಇಳಿಯುತ್ತದೆ, ಮೇಲಿನ ಗೆರೆ ಕೆಳಗೆ ಕಂಬವಾಗುತ್ತದೆ. ನಿಧಾನವಾಗಿ ಆರಿದರೆ ದಪ್ಪ ಕಂಬ, ಬೇಗ ಆರಿದರೆ ಸಣ್ಣದು. ನೀರು ಮೇಲೆ ಬಿದ್ದು ಥಟ್ಟನೆ ಆರಿಸಿದರೆ ಕಂಬಗಳು ಓರೆಕೋರೆಯಾಗುತ್ತವೆ. ಅಂದರೆ ಕಂಬದ ಆಕಾರದಲ್ಲಿಯೇ ಅದು ಆರಿದ ದಿನಗಳ ಹವೆ ಬರೆದಿರುತ್ತದೆ. ಇದು ಓದಲು ಬರುವ ಲಿಪಿ. ಹಳಗನ್ನಡ ಶಾಸನಗಳನ್ನು ಓದಿದವನೆಂದು ಹೆಮ್ಮೆಪಡುತ್ತಿದ್ದ ನಾನು ಇದರ ಮುಂದೆ ನಿಂತು ಗಾಮನ ಹೆಸರು ಹೇಳುತ್ತಿದ್ದೆ.

೨೦೦೯ರಲ್ಲಿ ಮಿಲಾಝೊ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಬಂಧದಿಂದಾಗಿ ಮಲ್ಪೆಯಂಥ ಕಲ್ಲುಗಳು ಕುಜನ ಚರಿತ್ರೆಗೆ ಸೇರಿಕೊಂಡವು. ಕುಜನನ್ನು ಸುತ್ತುವ ಅಮೆರಿಕದ ನೌಕೆಯೊಂದರ ಅತಿ ಸೂಕ್ಷ್ಮದ ಕ್ಯಾಮೆರಾ, ಮಾರ್ಟೆ ವ್ಯಾಲಿಸ್ ಎಂಬ ಕಣಿವೆಯ ಪ್ರದೇಶದಲ್ಲಿ ೧೬ ಕಿಲೋಮೀಟರು ಅಗಲದ ಒಂದು ಹೊಸ ಕುಳಿಯ ಗೋಡೆಯನ್ನು ಚಿತ್ರಿಸಿತ್ತು. ಉಲ್ಕೆ ಬಡಿದು ನೆಲ ಬಾಯಿ ತೆರೆದ ಆ ಗೋಡೆಯಲ್ಲಿ ಒತ್ತೊತ್ತಾಗಿ ಕಂಬಗಳು! ಕನಿಷ್ಠ ೨೦೦ ಚದರ ಕಿಲೋಮೀಟರಿಗೆ ಹರಡಿದ್ದಿರಬಹುದೆಂದು ಅವರ ಅಂದಾಜು. ಅಲ್ಲಿ ಲಾವಾ ಹೇಗೆ ಆರಿತು, ನೀರು ಅದರ ಮೇಲೆ ಹರಿದಿತ್ತೇ ಎಂದು ತಿಳಿಯಲು ಅವರಿಗಿದ್ದ ದಾರಿ ಒಂದೇ: ಭೂಮಿಯ ಮೇಲಿನ ಇಂಥ ಕಂಬಗಳನ್ನು ನೋಡಿ ಹೋಲಿಸುವುದು. ಯಾರೂ ಸುತ್ತಿಗೆ ಹಿಡಿದು ಹೋಗಲಾರದ ಊರಿನ ಕಲ್ಲನ್ನು ಮನೆಯ ಕಲ್ಲಿನ ಆಧಾರದಿಂದ ಓದುತ್ತಾರೆ. ನಾವು ಒಂದು ಅಪರಿಚಿತ ಲಿಪಿಯನ್ನು ಪರಿಚಿತ ಲಿಪಿಯ ಪಕ್ಕದಲ್ಲಿಟ್ಟು ಬಿಡಿಸುವುದೂ ಹಾಗೆಯೇ ತಾನೆ?

ಇಂಥದೇ ಇನ್ನೊಂದು ಓದು ೨೦೨೩ರಲ್ಲಿ ಹೊರಬಂತು. ಇದನ್ನು ತಿಳಿಯಲು ನಮ್ಮ ರೈತನಿಗೆ ದ್ವೀಪಕ್ಕೂ ಹೋಗಬೇಕಾಗಿಲ್ಲ. ಸುಗ್ಗಿ ಕಳೆದು ಗದ್ದೆಯ ಕೆಸರು ಒಣಗಿ ಬಿರಿದದ್ದನ್ನು ನೆನಪಿಸಿಕೊಳ್ಳಿ. ಮೊದಲ ಸಲ ಒಣಗಿದ ಕೆಸರಿನ ಬಿರುಕುಗಳು ಒಂದಕ್ಕೊಂದು ನೇರ ಮೂಲೆಯಲ್ಲಿ ಕೂಡುತ್ತವೆ. ಅದೇ ಕೆಸರು ಮತ್ತೆ ಒದ್ದೆಯಾಗಿ, ಮತ್ತೆ ಒಣಗಿ, ಹೀಗೆ ಹಲವು ಸಲ ನಡೆದರೆ, ಕೂಡುವ ಮೂಲೆಗಳು ಮೆಲ್ಲಗೆ ತಿದ್ದಿಕೊಂಡು ಕವಲಿನ ಆಕಾರ ತಾಳಿ ಆರು ಮೂಲೆಯಾಗುತ್ತವೆ. ಗೇಲ್ ಎಂಬ ಕುಳಿಯಲ್ಲಿ ಓಡಾಡುತ್ತಿರುವ ಕ್ಯೂರಿಯಾಸಿಟಿ ಬಂಡಿ ಕಂಡದ್ದು ಈ ಎರಡನೆಯ ಬಗೆಯದು, ಕಲ್ಲಾಗಿ ಹೋದ ಕೆಸರಿನಲ್ಲಿ. ನೀರು ಅಲ್ಲಿ ಒಮ್ಮೆ ಇದ್ದು ಹೋದದ್ದಲ್ಲ, ಮಳೆಗಾಲ ಬೇಸಗೆಯಂತೆ ಬರುತ್ತ ಹೋಗುತ್ತ ಇತ್ತು ಎಂದು ಅದರ ಅರ್ಥ.

ಕೆಂಪಿನ ವಿಷಯದಲ್ಲಿಯೂ ನಾವು ಹೊರಗಿನವರಲ್ಲ. ನಮ್ಮ ಮನೆಗಳ ಗೋಡೆ, ಬಾವಿಯ ಕಟ್ಟೆ, ಪಾಗಾರ ಎಲ್ಲ ಕೆಂಪುಕಲ್ಲು, ಮುರಕಲ್ಲು. ಶ್ರೀರಂಗಪಟ್ಟಣ ಬಿದ್ದ ಮೇಲೆ ೧೮೦೦-೧೮೦೧ರಲ್ಲಿ ಮೈಸೂರು, ಮಲಬಾರುಗಳನ್ನು ಸುತ್ತಿ ನಮ್ಮ ತುಳುನಾಡನ್ನೂ ಹಾದುಹೋದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು ಬೆರಗಾದ. ನೆಲದಲ್ಲಿರುವಾಗ ಕತ್ತಿಯಿಂದ ಕಡಿಯಬಹುದಾದಷ್ಟು ಮೆದು. ಗಾಳಿಗೆ ಬಂದ ಮೇಲೆ ಇಟ್ಟಿಗೆಯಂತೆ ಗಡಸು. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ‘ಲಾಟೆರ್’ ಎನ್ನುವುದರಿಂದ ೧೮೦೭ರ ತನ್ನ ಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಇಂದು ಜಗತ್ತಿನ ಭೂವಿಜ್ಞಾನದ ಪುಸ್ತಕಗಳೆಲ್ಲ ಆ ಹೆಸರನ್ನೇ ಹೇಳುತ್ತವೆ. ಪಾಪ, ಅದನ್ನು ತಲೆಮಾರುಗಳಿಂದ ಕಡಿದು ಮನೆ ಕಟ್ಟುತ್ತಿದ್ದವರ ಹೆಸರು ಅಲ್ಲಿಲ್ಲ. ಸಾವಿರಾರು ವರ್ಷಗಳ ಮಳೆ ಕಲ್ಲಿನ ಸಿಲಿಕವನ್ನು ತೊಳೆದೊಯ್ದು ಕಬ್ಬಿಣ, ಅಲ್ಯುಮಿನಿಯಮುಗಳ ತುಕ್ಕನ್ನು ಉಳಿಸುವುದರಿಂದ ಈ ಕೆಂಪು. ನೀರಿಲ್ಲದೆ ನಮ್ಮ ಕೆಂಪಿಲ್ಲ. ಕುಜನ ಕೆಂಪು ಧೂಳು ಮಾತ್ರ ಒಣ ಗಾಳಿಯಲ್ಲಿ ಆದ ತುಕ್ಕೆಂದು ಬಹುಕಾಲ ನಂಬಿದ್ದರು. ೨೦೨೫ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಅದು ಫೆರಿಹೈಡ್ರೈಟ್ ಎಂಬ, ತನ್ನೊಳಗೆ ನೀರನ್ನು ಹಿಡಿದಿರುವ ತುಕ್ಕು, ತಣ್ಣೀರಿನ ಸಂಗದಲ್ಲಿ ಆದದ್ದು ಎಂದು ವಾದಿಸಿದೆ. ವಾದ ನಿಲ್ಲುತ್ತದೆಯೋ ನೋಡಬೇಕು. ಕಚ್ಛದ ಮಾತಾನೊ ಮಢದಲ್ಲಿ ನಮ್ಮ ವಿಜ್ಞಾನಿಗಳು ಜಾರೊಸೈಟ್ ಎಂಬ ಹಳದಿ ಖನಿಜವನ್ನು ಹುಡುಕಿ ಅಭ್ಯಾಸ ಮಾಡುತ್ತಿರುವುದೂ ಇದೇ ಬಗೆಯ ಹೋಲಿಕೆಗೆ. ೨೦೦೪ರಲ್ಲಿ ಆಪರ್ಚುನಿಟಿ ಬಂಡಿ ಕುಜನ ಮೇಲೆ ಅದನ್ನು ಕಂಡಿತ್ತು.

ಒಲಿಂಪಸ್ ಪರ್ವತ ಅಷ್ಟು ದೊಡ್ಡದಾದದ್ದೇಕೆ ಎಂಬುದಕ್ಕೆ ಮಲ್ಪೆಯ ದ್ವೀಪ ಇಷ್ಟು ಸಣ್ಣದೇಕೆ ಎಂಬುದೇ ಒಂದು ಉತ್ತರ. ಭೂಮಿಯ ತೊಗಟೆ ಹಲಗೆಗಳಾಗಿ ಒಡೆದು ಜರುಗುತ್ತಿರುತ್ತದೆ. ಕೆಳಗಿನ ಒಲೆ ಇದ್ದಲ್ಲಿಯೇ ಇದ್ದರೂ ಮೇಲಿನ ಪಾತ್ರೆ ಸರಿದುಹೋಗುತ್ತದೆ. ನಮ್ಮ ನೆಲ ಆ ಒಲೆಯನ್ನು ಬಿಟ್ಟು ಉತ್ತರಕ್ಕೆ ನಡೆದು ಬಂತು. ಕುಜನಲ್ಲಿ ಹಲಗೆಗಳ ಅಂಥ ನಡಿಗೆಯಿಲ್ಲ. ಒಂದೇ ಒಲೆಯ ಮೇಲೆ ಒಂದೇ ನೆಲ ಕೋಟಿ ಕೋಟಿ ವರ್ಷ ನಿಂತಿತು. ಲಾವಾದ ಮೇಲೆ ಲಾವಾ ಬಿದ್ದು ಪರ್ವತವಾಯಿತು.

ಆ ಪರ್ವತವನ್ನು ನಮ್ಮವರೂ ಚಿತ್ರ ತೆಗೆದರು. ಮಂಗಳಯಾನ ಶ್ರೀಹರಿಕೋಟದಿಂದ ಹೊರಟದ್ದು ೨೦೧೩ರ ನವೆಂಬರ್ ೫ರಂದು. ಅದು ಅಂಗಾರೆಯ ದಿನವೇ ಆಗಿತ್ತೆಂದು ಪಂಚಾಂಗ ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ೨೦೧೪ರ ಸೆಪ್ಟೆಂಬರ್ ೨೪ರಂದು ಅದು ಕುಜನ ಕಕ್ಷೆಯನ್ನು ಹಿಡಿಯಿತು. ಅದರ ಉಪಕರಣಗಳನ್ನು ಪರಿಶೀಲಿಸಿದ ಬಾಹ್ಯಾಕಾಶ ವಿಜ್ಞಾನದ ಸಲಹಾ ಸಮಿತಿಗೆ ಅಧ್ಯಕ್ಷರಾಗಿದ್ದವರು ಎಂಬತ್ತು ದಾಟಿದ್ದ ಅದಮಾರಿನ ರಾಯರೇ. ಐದು ಉಪಕರಣಗಳು, ಒಟ್ಟು ೧೫ ಕಿಲೋ. ಕಕ್ಷೆ ಬಹಳ ಉದ್ದವಾದದ್ದರಿಂದ ದೂರದ ತುದಿಗೆ ಹೋದಾಗ ಇಡೀ ಗ್ರಹವನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಅದರ ಕ್ಯಾಮೆರಾಕ್ಕೆ ಸಾಧ್ಯವಾಯಿತು. ಆರು ತಿಂಗಳಿಗೆಂದು ಕಳಿಸಿದ್ದು ಏಳು ವರ್ಷಕ್ಕೂ ಹೆಚ್ಚು ದುಡಿದು ೨೦೨೨ರಲ್ಲಿ ಮೌನವಾಯಿತು. ರಾಯರು ಅದಕ್ಕೂ ಮೊದಲೇ, ೨೦೧೭ರ ಜುಲೈ ೨೪ರಂದು ತೀರಿಕೊಂಡಿದ್ದರು.

ಚಂದ್ರನ ಕಥೆಯನ್ನು ಹೇಳಲು ಸಮಯ ಸಾಲದು. ಒಂದೆರಡು ಮಾತು ಮಾತ್ರ: ಇಳಿಯುವ ನೌಕೆಯ ಕಣ್ಣನ್ನು ಪರೀಕ್ಷಿಸಲು ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ, ಉಳ್ಳಾರ್ತಿ ಕಾವಲಿನಲ್ಲಿ, ಚಂದ್ರನಂಥ ಕುಳಿಗಳನ್ನು ತೋಡಿದ್ದರು. ಅದರ ಕಾಲು ಊರುವ ನೆಲಕ್ಕೆಂದು ತಮಿಳುನಾಡಿನ ಸಿತ್ತಂಪೂಂಡಿಯ ಬಿಳಿಕಲ್ಲನ್ನು ಪುಡಿ ಮಾಡಿ ಬೆಂಗಳೂರಿಗೆ ತಂದಿದ್ದರು, ಅದು ಚಂದ್ರನ ಎತ್ತರದ ಭಾಗಗಳ ಕಲ್ಲಿನದೇ ಜಾತಿ ಎಂದು. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ ೩ ಇಳಿದ ಮೇಲೆ ಅದರ ಪುಟ್ಟ ಬಂಡಿ ನೂರು ಮೀಟರು ನಡೆದು ೨೩ ಕಡೆ ಮಣ್ಣನ್ನು ಪರೀಕ್ಷಿಸಿತು. ಎಲ್ಲ ಕಡೆಯೂ ಅದೇ ಜಾತಿಯ ಕಲ್ಲೇ ಪ್ರಧಾನ.

ಕಳೆದ ಬೇಸಗೆಯಲ್ಲಿ ಮತ್ತೊಮ್ಮೆ ದ್ವೀಪಕ್ಕೆ ಹೋಗಿದ್ದೆ, ಈ ಸಲ ಯಾರಿಗೂ ಪಾಠ ಹೇಳುವ ಕೆಲಸವಿಲ್ಲದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದವರು ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದ್ದಾರೆ. ಕರ್ನಾಟಕದಲ್ಲಿ ಅಂಥವು ನಾಲ್ಕೇ. ಆದರೂ ಎರಡು ಕಂಬಗಳ ಮೇಲೆ ಪ್ರೇಮಿಗಳ ಹೆಸರು ಗೀಚಿತ್ತು. ಒಂದು ಕಂಬದ ತಲೆ ಹೊಸದಾಗಿ ಮುರಿದಿತ್ತು, ಒಳಗಿನ ಬಣ್ಣ ಇನ್ನೂ ಮಾಸಿರಲಿಲ್ಲ. ಯಾರೋ ನೆನಪಿಗೆಂದು ಒಂದು ಚೂರನ್ನು ಕೊಂಡೊಯ್ದಿರಬೇಕು. ಗೀಚಿದವರನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಇದು ಓದುವಂಥದು ಎಂದು ಅವರಿಗೆ ಕನ್ನಡದಲ್ಲಿ ಹೇಳಬೇಕಾದವರು ಯಾರು? ಆ ಮುರಿದ ತಲೆಯ ಪಕ್ಕದಲ್ಲಿ ಕುಳಿತು, ಬಿದ್ದಿದ್ದ ಚೂರೊಂದರಿಂದ ಮೆಲ್ಲಗೆ ತಟ್ಟಿ ನೋಡಿದೆ. ಗಾಜಿನ ಹಾಗೆ ಕಿಣ್ಣೆಂದಿತು.

ಆ ಹುಡುಗನಿಗೆ ಈಗ ಐವತ್ತು ಆಗಿರಬೇಕು. ಎಲ್ಲಿದ್ದಾನೆಂದು ನನಗೆ ತಿಳಿಯದು. ಕಾರ್ಕಳದ ಯಾವುದಾದರೂ ಕೊಟ್ಟಿಗೆಯಲ್ಲಿ ಉಳಿ ಹಿಡಿದು ಕುಳಿತಿರುವಾಗ ಪಕ್ಕದಲ್ಲಿ ರೇಡಿಯೋ ಇದ್ದರೆ ಈ ಮಾತು ಅವನ ಕಿವಿಗೆ ಬಿದ್ದೀತು. ಅದನ್ನು ಯಾರೂ ಕೆತ್ತಲಿಲ್ಲಪ್ಪ. ಅದು ಆರಿತು, ಕುಗ್ಗಿತು, ಬಿರಿಯಿತು. ನಿನ್ನ ತಂದೆಯವರ ಉಳಿ ಅದಕ್ಕೆ ಹಿಡಿಯುವುದಿಲ್ಲವೆಂದು ನೀನು ಹೇಳಿದ್ದು ಸರಿ. ಅದು ಬೇಗ ಆರಿದ ಕಲ್ಲು, ಕಣ ಬಹಳ ಸಣ್ಣ, ಏಟು ಕೊಟ್ಟರೆ ಬೇಕಾದಲ್ಲಿ ನಿಲ್ಲದೆ ಸಿಡಿದುಹೋಗುತ್ತದೆ. ಗೊಮ್ಮಟನ ಕಲ್ಲು ಹಾಗಲ್ಲ. ಇಂಥದೇ ಕಂಬಗಳು ಕುಜನ ಮೇಲೆ ಒಂದು ಕುಳಿಯ ಗೋಡೆಯಲ್ಲಿ ಇವೆ. ಅಂದು ಹೇಳಬೇಕಾಗಿದ್ದು ಇಷ್ಟು. ಅದರಲ್ಲಿ ಕಡೆಯ ಒಂದು ವಾಕ್ಯ ಮಾತ್ರ ಅಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.